ಹಾಕಿದವಳೇ ಬಿಚ್ಚಲಿ

ಮೂರನೇ ಸಲವೂ ಅದೇ ತಿರುವಿನಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಮಗಳು ಬ್ರೇಕ್ ಅದುಮಿ ಹಿಂದಕ್ಕೆ ನೋಡಿದಳು. ಅವಳು ಕೂತಿದ್ದದ್ದು ಅಪ್ಪನ ನಾಲ್ಕು ಚಕ್ರದ ಗುಡ್ಡದ ಬೈಕು. ಅದಕ್ಕೆ ಕಟ್ಟಿದ ಟ್ರೈಲರ್, ಟ್ರೈಲರಿನ ಮೇಲೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಪ್ಪ. ಈ ಕಲ್ಲುದಾರಿ ಹತ್ತುವುದು ತನ್ನಿಂದಾಗದೆಂದು ವ್ಯಾನಿನವನು ಬುಡದಲ್ಲೇ ಕೈಚೆಲ್ಲಿದ್ದ. ಸ್ಮಶಾನ ಗುಡ್ಡದ ನೆತ್ತಿಯ ಮೇಲೆ. ಗುಂಡಿ ತೋಡಿದವರು ಅಲ್ಲಿ ಕಾಯುತ್ತಿದ್ದರು, ಇಲ್ಲಿ ಮೋಡ ಕವಿಯುತ್ತಿತ್ತು.

"ಹೆಗಲು ಕೊಟ್ಟು ಹೊತ್ಕೊಂಡೇ ಹೋಗೋಣ್ವಾ?" ಎಂದ ಚಿಕ್ಕಪ್ಪ.

"ನಿನ್ನ ಮಂಡಿಗೆ ನಿನ್ನನ್ನೇ ಯಾರಾದ್ರೂ ಹೊರಬೇಕು. ಸುಮ್ನಿರು" ಎಂದಳು ಅಮ್ಮ.

ಮಗಳು ಇಳಿದು ಸೀಟು ಎತ್ತಿದಳು. ಇಂಜಿನ್ನಿಗೆ ಕಚ್ಚಿಕೊಂಡಿದ್ದದ್ದು ಮೂವತ್ತು ಮಿಲಿಮೀಟರ್ ಬಾಯಿಯ ಕಾರ್ಬುರೇಟರ್. ಮೂರು ವರ್ಷದ ಹಿಂದೆ ಅವಳೇ ಕೂರಿಸಿದ್ದು. ತಾನು ಮನೆ ಬಿಟ್ಟ ಮರುಗಳಿಗೆಯೇ ಅಪ್ಪ ಅದನ್ನು ಕಿತ್ತು ಬಿಸಾಡಿರುತ್ತಾನೆ ಎಂದುಕೊಂಡಿದ್ದಳು.

*

ಅಪ್ಪನಿಗೆ ಊರು ಇಟ್ಟ ಹೆಸರು 'ಇಪ್ಪತ್ನಾಲ್ಕು'. ಈ ಗಾಡಿಗೆ ಕಾರ್ಬುರೇಟರಿನ ಬಾಯಿ ಎಷ್ಟು ಮಿಲಿಮೀಟರ್ ಇರಬೇಕೆಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: "ಇಪ್ಪತ್ನಾಲ್ಕು ಸಾಕು."

ಮಗಳಿಗೆ ಆಗ ಇಪ್ಪತ್ತಾರು. ಅವನ ಗ್ಯಾರೇಜಿನಲ್ಲೇ ಕೆಲಸ ಕಲಿತವಳು. ಅಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಅವನದೇ ಗಾಡಿಗೆ ಮೂವತ್ತು ಕೂರಿಸಿ ಮೈದಾನದಲ್ಲಿ ಒಂದು ಸುತ್ತು ಹೊಡೆದಳು. ಗಾಡಿ ಹುಚ್ಚೆದ್ದು ಓಡಿತು. ನಿಂತು ನೋಡಿದ ಗಿರಾಕಿಗಳು ಶಿಳ್ಳೆ ಹೊಡೆದರು.

"ಬಯಲಲ್ಲಿ ಹಾರುತ್ತೆ ಕಣೇ" ಎಂದ, ಊಟ ಮುಗಿಸಿ ಬಂದ ಅಪ್ಪ. "ಏರಲ್ಲಿ ಇಂಜಿನ್ ನಿಧಾನಕ್ಕೆ ಉಸಿರೆಳೆಯುತ್ತೆ. ಬಾಯಿ ಅಷ್ಟು ಅಗಲ ಇದ್ರೆ ಗಾಳಿಗೆ ಎಳೆತ ಇರಲ್ಲ, ಪೆಟ್ರೋಲ್ ಮೇಲಕ್ಕೇ ಬರಲ್ಲ. ಕೊಳವೆ ದಪ್ಪ ಆದಷ್ಟೂ ಹೀರೋದು ಕಷ್ಟ, ಗೊತ್ತಿಲ್ವಾ?"

"ನಿನ್ನ ಕಾಲ ಮುಗೀತಪ್ಪ. ಸುಮ್ನೆ ಕೂತ್ಕೋ."

ಗಿರಾಕಿಗಳು ಗೊಳ್ಳೆಂದು ನಕ್ಕರು. ಅಪ್ಪ ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಒರೆಸಿ, ಗೋಡೆಯ ಮೊಳೆಗೆ ತೂಗುಹಾಕಿ, ಒಳಗೆ ಹೋದ. ಆ ಸಂಜೆಯೇ ಮಗಳು ಬಟ್ಟೆ ತುಂಬಿಕೊಂಡು ಬೇರೆ ಊರಿನ ವರ್ಕ್‌ಶಾಪಿಗೆ ಹೊರಟಳು. ಏರಿನಲ್ಲಿ ಮೂವತ್ತು ಕೈಕೊಡುತ್ತದೆಂದು ಅಲ್ಲಿ ವಾರದೊಳಗೇ ಗೊತ್ತಾಯಿತು. ಫೋನ್ ಮಾಡಿ ಒಂದು ಮಾತು ಹೇಳಲು ಆ ಹಾಳು ಹಮ್ಮು ಬಿಡಲಿಲ್ಲ.

*

"ಇದನ್ನ ಯಾಕೆ ಬದಲಾಯಿಸಿಲ್ಲ?" ಎಂದು ಮಗಳು ಕೇಳಿದಳು.

ಉತ್ತರ ಕೊಟ್ಟವನು ಪಕ್ಕದಂಗಡಿಯ ವೆಲ್ಡರ್, ಅಪ್ಪನ ಜೀವದ ಗೆಳೆಯ. "ಎಷ್ಟು ಬಡ್ಕೊಂಡೆ ಗೊತ್ತಾ? 'ಹಾಕಿದವಳೇ ಬಿಚ್ಚಲಿ' ಅಂತಿದ್ದ. ಮೇಲಿನ ಕಲ್ಲುಕ್ವಾರಿ ಪಂಪ್ ನೋಡೋಕೆ ದಿನಾ ಹೋಗ್ಬೇಕಲ್ಲ, ದಿನಾ ಈ ತಿರುವಲ್ಲಿ ಇದು ನಿಲ್ಲೋದು. ನಾನು ಜೊತೆಗೆ ಬಂದು ತಳ್ತಿದ್ದೆ. ಮೊನ್ನೆ ನಂಗೆ ಜ್ವರ. ಒಬ್ನೇ ತಳ್ಳೋಕೆ ಹೋಗಿ..."

"ಸಾಕು ನಿಲ್ಸಪ್ಪ" ಎಂದಳು ಅಮ್ಮ. "ಇವತ್ತೇ ಹೇಳ್ಬೇಕಿತ್ತಾ ಅದನ್ನ?"

ಅಪ್ಪ ದಾರಿಯಲ್ಲಿ ಕುಸಿದ ಎಂದಷ್ಟೇ ಮಗಳಿಗೆ ಹೇಳಿದ್ದರು.

"ಇಲ್ಲೇನಾ ಮಾಮ?"

ವೆಲ್ಡರ್ ಹೌದೆಂದು ತಲೆಯಾಡಿಸಿದ. ಮುಂದಿನ ಕ್ಯಾರಿಯರಿನ ಟೂಲ್ ಡಬ್ಬಿ ತೆರೆದು ಬಟ್ಟೆಯ ಗಂಟೊಂದನ್ನು ಅವಳ ಕೈಗಿಟ್ಟ. ಇಪ್ಪತ್ನಾಲ್ಕು. ಒರೆಸಿ, ಎಣ್ಣೆ ಸವರಿ, ಬಾಯಿಗೆ ಬಿರಡೆ ಹಾಕಿ, ರಬ್ಬರ್, ಕ್ಲಿಪ್ಪು ಸಮೇತ ಇಟ್ಟಿತ್ತು.

"ನೀನು ಯಾವತ್ತು ಬರ್ತೀಯೋ ಅಂತ ಹೊತ್ಕೊಂಡೇ ತಿರುಗ್ತಿದ್ದ."

ಮಗಳು ಮಣ್ಣಿನಲ್ಲಿ ಮೊಣಕಾಲೂರಿ ಬಿಚ್ಚತೊಡಗಿದಳು. ಸ್ಪ್ಯಾನರ್ ಎರಡು ಸಲ ಜಾರಿತು, ಬೆರಳ ಗೆಣ್ಣು ಕಿತ್ತು ರಕ್ತ ಬಂತು. ಅಳು ಒತ್ತರಿಸಿ ಬಂದು ಕಣ್ಣು ಕಾಣದಾದಾಗ ಕೈಯ ಅಂದಾಜಿನಲ್ಲೇ ಇಪ್ಪತ್ನಾಲ್ಕನ್ನು ಕೂರಿಸಿ ತಿರುಪು ಬಿಗಿದಳು. "ತಪ್ಪಾಯ್ತಪ್ಪ" ಎಂದಳು, ಇಂಜಿನ್ನಿನೊಳಗೆ ಮುಖ ಹುದುಗಿಸಿಕೊಂಡೇ. ಅಮ್ಮ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಹನಿ ಬೀಳುವ ಹೊತ್ತಿಗೆ ಗಾಡಿ ಶುರುವಾಯಿತು. ಮಗಳು ಗೇರ್ ಹಾಕಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ ಒಂದಿಷ್ಟೂ ತಡವರಿಸಲಿಲ್ಲ. ಕಲ್ಲಿನ ಮೇಲೆ ಚಕ್ರ ಕಚ್ಚಿ, ಟ್ರೈಲರ್ ಅಲುಗಿ, ಇಡೀ ಭಾರ ಮೇಲಕ್ಕೆ ಹೊರಟಿತು.

ಅವಳು ಕನ್ನಡಿ ನೋಡಿದಳು. ಟ್ರೈಲರಿನ ಹಿಂದೆ ವೆಲ್ಡರ್, ದಿನದ ಅಭ್ಯಾಸದಂತೆ, ತಳ್ಳಲೆಂದು ಎರಡೂ ಕೈ ಚಾಚಿ ಬಗ್ಗಿದ್ದ. ಗಾಡಿ ಆಗಲೇ ಹತ್ತು ಮಾರು ಮುಂದೆ ಬಂದಿತ್ತು. ಅವನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳದೆ ಆ ತಿರುವಿನಲ್ಲಿ ಹಾಗೇ ಬಗ್ಗಿ ನಿಂತಿದ್ದ.