ಪೊರಕೆಯಿಂದ ಕತ್ತರಿಯವರೆಗೆ

ಶನಿವಾರ ಬೆಳಿಗ್ಗೆ. ರಾಜಾಜಿನಗರದ ನೀಲಮ್ಮನ ಮನೆಯ ಮುಂದಿನ ಕೋಣೆಯ ಪಾರ್ಲರಿನಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರೆದುರು ಒಂದು ದೊಡ್ಡ ಕನ್ನಡಿ. ಕಮಲಾಕ್ಷಮ್ಮನವರ ಮಗಳು ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತಿದ್ದಳು. ಸೊಂಟ ಮುಟ್ಟುವ ಗುಂಗುರು ಕೂದಲನ್ನು ಭುಜದವರೆಗೆ ಕತ್ತರಿಸಿಕೊಳ್ಳಲು ಅವಳು ತಾಯಿಯನ್ನು ಒಂದು ತಿಂಗಳಿಂದ ಕಾಡಿದ್ದಳು.

"ಜಾಸ್ತಿ ಕತ್ತರಿಸ್ಬೇಡಿ ನೀಲಮ್ಮನೋರೆ, ಇವಳ ಅಪ್ಪನಿಗೆ ಇನ್ನೂ ಹೇಳಿಲ್ಲ," ಎಂದರು ಬೆಂಚಿನ ಮೇಲೆ ಕುಳಿತಿದ್ದ ಕಮಲಾಕ್ಷಮ್ಮ.

"ಸುಮ್ನಿರಮ್ಮ. ಅಪ್ಪ ಮಾರ್ಕ್ಸ್ ಕಾರ್ಡ್ ನೋಡ್ತಾರೆ, ತಲೆ ಎಲ್ಲಿ ನೋಡ್ತಾರೆ?"

ನೀಲಮ್ಮ ನಕ್ಕು, ಒದ್ದೆ ಕೂದಲನ್ನು ಬಾಚಣಿಗೆಯಿಂದ ಎಳೆದು ಹಿಡಿದು ಕತ್ತರಿ ಆಡಿಸಿದಳು. ಪಾರ್ಲರ್ ತೆರೆದು ನಾಲ್ಕು ತಿಂಗಳಾಗಿತ್ತು. ಗಂಡ ಚನ್ನವೀರಪ್ಪ ಜವಳಿ ಅಂಗಡಿಯಲ್ಲಿ ಗುಮಾಸ್ತ. ಇಬ್ಬರು ಹೆಣ್ಣುಮಕ್ಕಳ ಓದು ಅವನ ಸಂಬಳದಲ್ಲಿ ಸಾಗುವಂತಿರಲಿಲ್ಲ. ಈಗ ಬಸವೇಶ್ವರನಗರದಿಂದಲೂ ಹೆಂಗಸರು ಬರತೊಡಗಿದ್ದರು. ಅವರನ್ನೆಲ್ಲ ಕರೆತಂದವರು ಕಮಲಾಕ್ಷಮ್ಮ.

"ಕಂಟೋನ್ಮೆಂಟಿನ ಚೀನಾ ಮೇಡಂ ಹತ್ರ ಕಲಿತಿರೋ ಕೈ ಕಣೇ ಇದು," ಎಂದು ಅವರು ಮಗಳಿಗೆ ಹೆಮ್ಮೆಯಿಂದ ಹೇಳಿದರು.

ನೀಲಮ್ಮ ತಲೆಯೆತ್ತಲಿಲ್ಲ. ಆ ಮಾತು ಕೇಳಿದಾಗಲೆಲ್ಲ ಅವಳ ಎದೆಯೊಳಗೆ ಒಂದು ಸಣ್ಣ ಮುಳ್ಳು ಆಡುತ್ತಿತ್ತು.

ಎರಡೂವರೆ ವರ್ಷದ ಹಿಂದೆ, ಮೊದಲ ದಿನ ಮನೆಯಿಂದ ಹೊರಟಾಗ ಅತ್ತೆ ಶಾಂತವ್ವ, "ಯಾರ ಕಡೆ ಕಲಿಯಾಕ ಹೊಂಟಿ?" ಎಂದು ಕೇಳಿದ್ದರು. ರಾಣೆಬೆನ್ನೂರಿನ ಕಡೆಯ, ದಿನಾ ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಹೆಂಗಸು. ಮಾಗಡಿ ರಸ್ತೆಯ ಪುಟ್ಟಲಕ್ಷ್ಮಿಯ ಹತ್ತಿರ ಎನ್ನಲು ನೀಲಮ್ಮನಿಗೆ ಬಾಯಿ ಬರಲಿಲ್ಲ. ಪುಟ್ಟಲಕ್ಷ್ಮಿ ಕ್ಷೌರದವರ ಮನೆಯವಳು. ಅವಳ ತಂದೆ ಹೆಗ್ಗನಹಳ್ಳಿಯ ಅರಳಿಕಟ್ಟೆಯಲ್ಲಿ ಕೂತು ಊರಿನವರ ಗಡ್ಡ ಹೆರೆದವನು. "ಕಂಟೋನ್ಮೆಂಟಿನಲ್ಲಿ ಒಬ್ಬ ಚೀನಾ ಮೇಡಂ ಇದಾರೆ ಅತ್ತೆ," ಎಂದುಬಿಟ್ಟಳು. ಅತ್ತೆ ತಲೆಯಾಡಿಸಿದರು. ಚೀನಾ ಮೇಡಂಗೆ ಜಾತಿ ಇರಲಿಲ್ಲ.

ಆ ಮೇಡಂ ಇದ್ದದ್ದು ನಿಜ. ಆಕೆಯ ಪಾರ್ಲರಿನಲ್ಲಿ ಹದಿನಾಲ್ಕು ವರ್ಷ ದುಡಿದವಳು ಪುಟ್ಟಲಕ್ಷ್ಮಿ. ಮೊದಲು ಕಸ ಗುಡಿಸಿದಳು, ಆಮೇಲೆ ಟವೆಲ್ ಒಗೆದಳು, ತಲೆ ತೊಳೆದಳು. ಆರನೇ ವರ್ಷ ಅವಳ ಕೈಗೆ ಕತ್ತರಿ ಬಂತು. ಮೇಡಂ ಊರು ಬಿಟ್ಟುಹೋದ ಮೇಲೆ ಮಾಗಡಿ ರಸ್ತೆಯಲ್ಲಿ ಒಂದು ಸಣ್ಣ ಕೋಣೆ ಹಿಡಿದಿದ್ದಳು. ನೀಲಮ್ಮ ಸುಳ್ಳು ಹೇಳಲು ಎರವಲು ಪಡೆದದ್ದು ಪುಟ್ಟಲಕ್ಷ್ಮಿಯ ಬದುಕನ್ನೇ. ಅದರೊಳಗಿಂದ ಅವಳನ್ನು ಮಾತ್ರ ತೆಗೆದುಹಾಕಿದ್ದಳು.

ಪುಟ್ಟಲಕ್ಷ್ಮಿಯ ಹತ್ತಿರವೂ ಮೊದಲು ಪೊರಕೆ. ಆರು ತಿಂಗಳು ನೀಲಮ್ಮ ಬಿದ್ದ ಕೂದಲು ಗುಡಿಸಿದಳು. "ಕೂದಲು ಹೆಂಗೆ ಬೀಳುತ್ತೆ ಅಂತ ನೆಲ ನೋಡಿ ಕಲಿ," ಎನ್ನುವಳು ಪುಟ್ಟಲಕ್ಷ್ಮಿ. "ಕನ್ನಡಿ ಕೆಳಗೆ ಬಿಟ್ಟೆ ನೋಡು!" ಎಂದು ಉಳಿದ ಕೂದಲು ತೋರಿಸಿ ದಿನಕ್ಕೊಮ್ಮೆ ಗದರುವಳು. ಆಮೇಲೆ ಆರು ತಿಂಗಳು ಬಾಚಣಿಗೆ, ಎಣ್ಣೆ, ಸೀಗೆ. ಆಮೇಲೆ ಬೋರಲು ಹಾಕಿದ ಮಡಕೆಗೆ ಕಟ್ಟಿದ ಸೆಣಬಿನ ನಾರಿನ ಮೇಲೆ ಕತ್ತರಿ. ಕೊನೆಯ ಪರೀಕ್ಷೆಯ ದಿನ ಪುಟ್ಟಲಕ್ಷ್ಮಿ ತನ್ನ ತುರುಬು ಬಿಚ್ಚಿ ತಾನೇ ಕುರ್ಚಿಯಲ್ಲಿ ಕುಳಿತಳು. "ಬೇರೆಯವರ ತಲೆ ಕೆಡಿಸೋ ಮುಂಚೆ ಗುರು ತಲೆ ಕೆಡಿಸ್ಬೇಕು. ಮೇಡಂ ನಂಗೂ ಹಂಗೇ ತಲೆ ಕೊಟ್ಟಿದ್ದು."

ನೀಲಮ್ಮನ ಕತ್ತರಿ ಜಾರಿ ಎಡಗಿವಿಯ ಹಿಂದೆ ಒಂದು ಗೇಣು ಕೂದಲು ಹೆಚ್ಚಾಗಿ ಹೋಯಿತು. ಅವಳು ಅತ್ತುಬಿಟ್ಟಳು. ಪುಟ್ಟಲಕ್ಷ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೂದಲು ತಾನೆ, ಬೆಳೆಯುತ್ತೆ ಬಿಡೇ. ನಿನ್ನ ಕೈ ಕುದುರಲಿ."

ಅಂಥವಳನ್ನು ಪಾರ್ಲರ್ ತೆರೆದ ದಿನ ನೀಲಮ್ಮ ಕರೆದಿರಲಿಲ್ಲ.

"ನೀಲಮ್ಮ ಇದಾಳಾ?"

ಬಾಗಿಲಲ್ಲಿ ಪುಟ್ಟಲಕ್ಷ್ಮಿ ನಿಂತಿದ್ದಳು. ಕಂಕುಳಲ್ಲಿ ಹಳದಿ ಬಟ್ಟೆಯ ಒಂದು ಸಣ್ಣ ಗಂಟು, ಮುಖದಲ್ಲಿ ಬಸ್ಸಿನ ಧೂಳು. ನೀಲಮ್ಮನ ಕತ್ತರಿ ನಿಂತಿತು.

"ಯಾರಿವರು?" ಎಂದರು ಕಮಲಾಕ್ಷಮ್ಮ. ಒಳಬಾಗಿಲಿಗೆ ಬಂದ ಶಾಂತವ್ವನ ಕಣ್ಣಲ್ಲೂ ಅದೇ ಪ್ರಶ್ನೆ.

"ಇವರು... ಚೀನಾ ಮೇಡಂ ಪಾರ್ಲರಿನಲ್ಲಿ..." ಎಂದು ನೀಲಮ್ಮ ಬಾಚಣಿಗೆಯಲ್ಲಿ ಸಿಕ್ಕ ಕೂದಲು ಬಿಡಿಸತೊಡಗಿದಳು.

ಪುಟ್ಟಲಕ್ಷ್ಮಿ ಒಂದು ಗಳಿಗೆ ಅವಳ ಮುಖ ನೋಡಿದಳು. ಅಷ್ಟರಲ್ಲೇ ಎಲ್ಲ ಅರ್ಥವಾಯಿತು.

"ಹೌದು ಕಣಮ್ಮ," ಎಂದಳು ಸಲೀಸಾಗಿ, "ಮೇಡಂ ಹತ್ರ ನಾನು ಕಸ ಗುಡಿಸ್ತಿದ್ದೆ. ನೀಲಮ್ಮನೋರ ಅಂಗಡಿ ನೋಡಿ ಹೋಗಣ ಅಂತ ಬಂದೆ. ನೀವು ಕೆಲಸ ನೋಡಿ ನೀಲಮ್ಮನೋರೆ." ಗಂಟನ್ನು ಮೂಲೆಯಲ್ಲಿಟ್ಟು ಅಲ್ಲಿದ್ದ ಪೊರಕೆ ಎತ್ತಿಕೊಂಡಳು.

ಎರಡು ವರ್ಷ 'ನೀನು' ಎಂದು ಗದರಿದ ಬಾಯಿಂದ ಬಂದ ಆ 'ನೀವು' ನೀಲಮ್ಮನಿಗೆ ಕಪಾಳಕ್ಕೆ ಹೊಡೆದಂತಾಯಿತು. ಆದರೂ ಅವಳು ಸುಮ್ಮನೆ ಕತ್ತರಿ ಆಡಿಸಿದಳು. ಹಿಂದೆ ಪೊರಕೆಯ ಸದ್ದು ಮೆಲ್ಲಗೆ ಕೇಳುತ್ತಿತ್ತು.

"ಆಂಟಿ, ಈ ಕಡೆ ಯಾಕೆ ಮೇಲಕ್ಕೆ ಹೋಗಿದೆ?" ಹುಡುಗಿ ಕನ್ನಡಿ ನೋಡಿ ಕಿರುಚಿದಳು.

ಬಲಗಡೆಯ ಕೂದಲು ಕಿಟಕಿಯ ಬಿಸಿಲಿಗೆ ಒಣಗಿ, ಸುರುಳಿ ಸುತ್ತಿಕೊಂಡು ಎರಡು ಬೆರಳು ಮೇಲಕ್ಕೇರಿತ್ತು. ಎಡಗಡೆ ಇನ್ನೂ ಒದ್ದೆಯಾಗಿ ಇಳಿಬಿದ್ದಿತ್ತು. ನೀಲಮ್ಮನಿಗೆ ಎಲ್ಲಿ ಕತ್ತರಿ ಇಡಬೇಕೆಂದೇ ತಿಳಿಯಲಿಲ್ಲ.

"ಗುಂಗುರು ಕೂದಲು ಒದ್ದೆ ಇದ್ದಾಗ ನಂಬಬಾರ್ದು," ಎಂದು ಹಿಂದಿನಿಂದ ಮೆಲ್ಲಗೆ ಬಂತು ದನಿ. "ಎಳೀದೆ ಒಣಗಿಸಿಬಿಟ್ಟು ನೋಡಿ."

"ಗುಡಿಸೋಳಿಗೆ ಇದೆಲ್ಲ ಯಾಕಮ್ಮ?" ಕಮಲಾಕ್ಷಮ್ಮ ಸಿಡುಕಿದರು. "ನಿನ್ನ ಕೆಲಸ ನೋಡ್ಕೋ."

ಪುಟ್ಟಲಕ್ಷ್ಮಿ ತಲೆ ತಗ್ಗಿಸಿ ಗುಡಿಸಲು ಬಾಗಿದಳು. ಸೆರಗು ಜಾರಿತು. ಎಡಗಿವಿಯ ಹಿಂದೆ ತುರುಬಿಗೆ ಸಿಗದ ಮೋಟು ಕೂದಲು ನೀಲಮ್ಮನ ಕಣ್ಣಿಗೆ ಬಿತ್ತು. ಇನ್ನೂ ಪೂರ್ತಿ ಬೆಳೆದಿರಲಿಲ್ಲ.

ನೀಲಮ್ಮ ಕತ್ತರಿ ಕೆಳಗಿಟ್ಟಳು.

"ಕಮಲಾಕ್ಷಮ್ಮನೋರೆ, ಅವರು ಗುಡಿಸೋರಲ್ಲ. ನಾನು ಚೀನಾ ಮೇಡಂ ಮುಖಾನೇ ನೋಡಿಲ್ಲ. ನಂಗೆ ಕಲಿಸಿದ್ದು ಇವರು. ಪುಟ್ಟಲಕ್ಷ್ಮಿ ಅಂತ, ಹೆಗ್ಗನಹಳ್ಳಿಯವರು. ಕ್ಷೌರದವರ ಮನೆಯವರು. ಅದನ್ನ ಹೇಳೋಕೆ ನಾಚಿಕೆಪಟ್ಟು ಸುಳ್ಳು ಹೇಳಿದೆ."

ಕಮಲಾಕ್ಷಮ್ಮ ಎದ್ದು ನಿಂತರು. "ಇದೇನ್ರೀ ಇದು? ನಿಮ್ಮ ಮನೆತನ ನೋಡಿ ತಾನೇ ನಾನು ನಾಲ್ಕು ಜನನ್ನ ಕರ್ಕೊಂಡು ಬಂದಿದ್ದು? ಜಾತಿ ವಿಷಯ ಬಿಡಿ, ಸುಳ್ಳು ಹೇಳಿದ್ರಲ್ಲ! ನಡಿಯೇ, ಹೋಗಣ."

"ಅಮ್ಮಾ! ಅರ್ಧ ತಲೇಲಿ ಬಸ್ ಹತ್ಲಾ?" ಹುಡುಗಿ ಕುರ್ಚಿಯ ಕೈ ಹಿಡಿದು ಕುಳಿತಳು. "ಯಾರಾದ್ರೂ ಇರ್ಲಿ, ಮೊದ್ಲು ಸರಿ ಮಾಡ್ಲಿ."

ನೀಲಮ್ಮ ಅತ್ತೆಯ ಕಡೆ ನೋಡಿದಳು. ಶಾಂತವ್ವನ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದುಕೊಂಡಿತ್ತು.

"ಎಷ್ಟ ದಿನಾ ಕಲಿಸ್ಯಾರ ಇವರು?" ಎಂದು ಕೇಳಿದರು.

"ಎರಡು ವರ್ಷ, ಅತ್ತೆ."

"ಎರಡು ವರ್ಷ ಕಲಿಸಿದಾಕಿ ಕೈಯಾಗ ಕಸಬರಿಗಿ ನೋಡ್ಕೋತ ನಿಂತೀಯಲ್ಲ, ಅದಕ್ಕ ನಾಚಿಕಿ ಬರ್ಲಿಲ್ಲೇನ ನಿನಗ?" ಶಾಂತವ್ವ ಪುಟ್ಟಲಕ್ಷ್ಮಿಯತ್ತ ತಿರುಗಿದರು. "ಚಾ ಮಾಡ್ತೀನ್ರಿ, ಕುಡದ ಹೋಗ್ಬೇಕು." ಹೇಳಿ ಒಳಗೆ ಹೋದರು.

ಪುಟ್ಟಲಕ್ಷ್ಮಿ ಗಂಟು ಬಿಚ್ಚಿದಳು. ಅದರಲ್ಲಿ ತೆಳು ಅಲಗಿನ ಒಂದು ಕತ್ತರಿ ಇತ್ತು. "ಮೇಡಂ ಹೋಗುವಾಗ ನಂಗೆ ಕೊಟ್ಟಿದ್ದು. ನಿಂಗೆ ಕೊಡಣ ಅಂತ ತಂದೆ. ಇವತ್ತೊಂದಿನ ನಾನೇ ಹಿಡೀತೀನಿ."

ಅವಳು ಹುಡುಗಿಯ ಕೂದಲನ್ನು ಎಳೆಯದೆ, ಬೆರಳಲ್ಲಿ ಕೆದರಿ ಒಣಗಿಸಿ, ಒಂದೊಂದೇ ಸುರುಳಿಗೆ ಕತ್ತರಿ ಇಡತೊಡಗಿದಳು. ಕಮಲಾಕ್ಷಮ್ಮ ಬೆಂಚಿನ ತುದಿಯಲ್ಲಿ ಮುಖ ತಿರುಗಿಸಿ ಕುಳಿತರು. ಸ್ವಲ್ಪ ಹೊತ್ತಿಗೆ ಆ ಮುಖ ತಾನಾಗಿಯೇ ಕನ್ನಡಿಯತ್ತ ತಿರುಗಿತು. ಎರಡೂ ಕಡೆ ಸಮನಾಗಿ ಇಳಿದ ಗುಂಗುರಿನ ನಡುವೆ ಮಗಳು ನಗುತ್ತಿದ್ದಳು.

"ಹಿಂದುಗಡೆ ಇನ್ನೊಂಚೂರು..." ಎಂದು ಕಮಲಾಕ್ಷಮ್ಮ ಗೊಣಗಿದರು. "ಇವಳ ಅಪ್ಪ ನೋಡಿದ್ರೂ ಬೈಬಾರ್ದು, ಹಂಗೆ ಮಾಡಿ."

ನೀಲಮ್ಮ ಗೋಡೆಗೆ ಒರಗಿಸಿದ್ದ ಪೊರಕೆ ಎತ್ತಿಕೊಂಡಳು. ಕುರ್ಚಿಯ ಸುತ್ತ ಬಿದ್ದ ಸುರುಳಿಗಳನ್ನು ಒಂದೆಡೆ ಸೇರಿಸುತ್ತ ಹೋದಂತೆ, ನಾಲ್ಕು ತಿಂಗಳಿಂದ ಆಡುತ್ತಿದ್ದ ಮುಳ್ಳು ಎಲ್ಲಿ ಹೋಯಿತೋ ಅವಳಿಗೆ ತಿಳಿಯಲಿಲ್ಲ. ಒಳಗಿನಿಂದ ಶುಂಠಿ ಜಜ್ಜುವ ಸದ್ದು ಬರುತ್ತಿತ್ತು.

ಕತ್ತರಿಯಿಂದ ಕಣ್ಣು ತೆಗೆಯದೆಯೇ ಪುಟ್ಟಲಕ್ಷ್ಮಿ ಗದರಿದಳು: "ಕನ್ನಡಿ ಕೆಳಗೆ ಬಿಟ್ಟೆ ನೋಡು!"

"ಹ್ಞೂಂ ಅಕ್ಕ," ಎಂದು ನೀಲಮ್ಮ ತುಂಬಿದ ಕಣ್ಣಲ್ಲೇ ನಗುತ್ತ ಬಾಗಿದಳು.