ಶಾವಿಗೆ ಕಾಯುವ ಐಸ್‌ಲ್ಯಾಂಡಿನವಳು

ಗೊಲ್ಲಾಳಮ್ಮ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಒಣಹಾಕಿದ್ದ ಶಾವಿಗೆಯೊಳಗಿಂದ ನಾಯಿಯ ಕೂದಲು ಆರಿಸುತ್ತಿದ್ದಳು. ಶಾವಿಗೆಯೂ ಬೆಳ್ಳಗೆ ಸಣ್ಣಗೆ, ಕೂದಲೂ ಬೆಳ್ಳಗೆ ಸಣ್ಣಗೆ. ಒಂದೊಂದೇ ಎಳೆ ಎತ್ತಿ ಬಗ್ಗಿಸಿ ನೋಡಬೇಕು. ಮುರಿದರೆ ಶಾವಿಗೆ, ಬಾಗಿದರೆ ಕೂದಲು.

ಕೂದಲಿನ ಒಡತಿ ಚೆನ್ನಿ ಪಕ್ಕದಲ್ಲೇ ಕೂತು ಆಕಾಶ ನೋಡುತ್ತಿತ್ತು. ನರಿಯಂಥ ಮೋರೆ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ, ಎರಡು ಕಂಬಳಿ ಹೊದ್ದಷ್ಟು ತುಪ್ಪಳ. ಐಸ್‌ಲ್ಯಾಂಡ್ ಎಂಬ ಹಿಮದ ನಾಡಿನಲ್ಲಿ ಕುರಿ ಕಾಯುವ ನಾಯಿಗಳ ಕುಲ ಅದು. ಅಲ್ಲಿ ದೊಡ್ಡ ಹಕ್ಕಿಗಳು ಕುರಿಮರಿಗೆ ಎರಗುತ್ತವೆಂದು ಈ ಕುಲಕ್ಕೆ ಮೇಲೆ ನೋಡಿ ಬೊಗಳುವುದು ಹುಟ್ಟುಗುಣವಂತೆ. ಶಹಾಪುರದ ಈ ಮನೆಯಲ್ಲಿ ಕುರಿಮರಿ ಸಿಗದೆ ಚೆನ್ನಿ ಶಾವಿಗೆ ಕಾಯುತ್ತಿತ್ತು. ಕಾಗೆ ಬಿಡಿ, ವಿಮಾನ ಹೋದರೂ ಕಣ್ಮರೆಯಾಗುವ ತನಕ ಬೊಗಳಿ, ತಾನೇ ಓಡಿಸಿದೆನೆಂಬ ಗತ್ತಿನಲ್ಲಿ ಬಂದು ಕೂಡುತ್ತಿತ್ತು.

ಇದು ಶಹಾಪುರಕ್ಕೆ ಬಂದದ್ದು ಗೊಲ್ಲಾಳಮ್ಮನ ಮಗ ನಾಗಣ್ಣನ ಹಟದಿಂದ. ನಾಗಣ್ಣನದು ಪೈಪು, ಮೋಟರುಗಳ ಅಂಗಡಿ. ಎದುರಿನ ಅಂಗಡಿಯ ಶರಣಕುಮಾರ ಜರ್ಮನಿಯ ಜಾತಿಯ ನಾಯಿ ತಂದ ದಿನದಿಂದ ನಾಗಣ್ಣನಿಗೆ ಊಟ ಸೇರಲಿಲ್ಲ. ಬೇರೆ ದೇಶದ್ದೇ ಬೇಕು, ಶಹಾಪುರ ಹೆಸರೇ ಕೇಳಿರದ ದೇಶದ್ದು.

ಊಟಿಯಲ್ಲಿ ಅಂಜನಾ ಎಂಬ ಮುದುಕಿ ಡಾಕ್ಟರಮ್ಮ ಅಂಥ ನಾಯಿ ಸಾಕಿದ್ದಾಳೆಂದು ತಿಳಿಯಿತು. ನಾಗಣ್ಣ, ಅವನ ಹೆಂಡತಿ ಗುರುದೇವಿ, ಗೊಲ್ಲಾಳಮ್ಮ ಮೂವರೂ ಬಾಡಿಗೆ ಜೀಪಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರು. "ನಾಯಿ ಹೊಸ್ತಿಲಾ ದಾಟಿದ್ರ ನಾ ಮಠಾ ಸೇರತೀನಿ" ಎಂದವಳು ಗೊಲ್ಲಾಳಮ್ಮ. ಆದರೂ ಮನೆಗೆ ಹೊಸಬರು ಬರುವಾಗ ಹಿರಿಯರು ನೋಡದಿದ್ದರೆ ಹೇಗೆ?

ಅವರ ಮನೆತನಕ್ಕೆ ಆರಿಸುವುದೆಂದರೆ ಗೊತ್ತಿದ್ದದ್ದು ಒಂದೇ ರೀತಿ, ಕನ್ಯೆ ನೋಡುವ ರೀತಿ. ಡಾಕ್ಟರಮ್ಮನ ಮನೆಯಲ್ಲಿ ಜಮಖಾನೆಯ ಮೇಲೆ ಕೂತ ಕೂಡಲೇ ಗೊಲ್ಲಾಳಮ್ಮ, "ಬೆಡಗು ಯಾವುದಂತ ಕೇಳೊ" ಎಂದಳು. ಕುಲದೊಳಗಿನ ಒಳಕುಲ ಕೇಳದೆ ಅವರಲ್ಲಿ ಮಾತು ಮುಂದೆ ಹೋಗುವುದಿಲ್ಲ. ಡಾಕ್ಟರಮ್ಮ ಮರಿಗಳ ವಂಶಾವಳಿಯನ್ನೇ ತಂದಿಟ್ಟಳು. ಅಜ್ಜಿ, ಮುತ್ತಜ್ಜಿ, ಅವರಜ್ಜಿ ಎಲ್ಲರ ಹೆಸರೂ ಅಚ್ಚಾಗಿದ್ದವು. ಮುತ್ಯಾನಿಂದಾಚೆಗೆ ಯಾರ ಹೆಸರೂ ಗೊತ್ತಿಲ್ಲದ ನಾಗಣ್ಣ ಕಾಗದವನ್ನು ಬಹಳ ಗೌರವದಿಂದ ಮಡಚಿಕೊಟ್ಟ.

ಮರಿಗಳು ಕಾಲಿಗೆ ತೊಡರುತ್ತ ಬಂದು ಸೀರೆಯ ಅಂಚು ಎಳೆದವು. ಒಂದು ಮಾತ್ರ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿತ್ತು.

"ಅದನ್ನ ನೋಡು. ತಲಿ ಎತ್ತಂಗಿಲ್ಲ, ಬಾಯಿ ತೆಗ್ಯಂಗಿಲ್ಲ. ಮರ್ಯಾದಿ ಹುಡುಗಿ" ಎಂದಳು ಗೊಲ್ಲಾಳಮ್ಮ.

ಆಯ್ಕೆ ಮುಗಿಯಿತು. ಮರ್ಯಾದಿ ಹುಡುಗಿ ಹೊಟ್ಟೆ ತುಂಬಿ ತೂಕಡಿಸುತ್ತಿತ್ತು ಅಷ್ಟೇ. ಜೀಪಿನಲ್ಲಿ ಎಚ್ಚರಾದದ್ದು ಶಹಾಪುರದವರೆಗೂ ಬಾಯಿ ಮುಚ್ಚಲಿಲ್ಲ, ಆಮೇಲೆ ಎಂದೂ ತಲೆ ತಗ್ಗಿಸಲಿಲ್ಲ.

ಕೊಡುವ ಮೊದಲು ಡಾಕ್ಟರಮ್ಮನೂ ಒಂದು ಪ್ರಶ್ನೆ ಕೇಳಿದ್ದಳು: "ನಿಮ್ಮ ಕಡೆ ಬಿಸಿಲು ಹೇಗೆ?"

ಸ್ವೆಟರಿನೊಳಗೆ ನಡುಗುತ್ತಿದ್ದ ನಾಗಣ್ಣ, "ಹಿತ ಇರತದ್ರಿ" ಎಂದಿದ್ದ.

"ಸಾಕೋಕೆ ಆಗದಿದ್ರೆ ಬೇರೆಯವರಿಗೆ ಕೊಡಬೇಡಿ. ಒಂದು ಕಾಗದ ಬರೀರಿ, ನಾನೇ ಬರ್ತೀನಿ. ನಮ್ಮ ತೋಟಕ್ಕೆ ಫೋನು ಸಿಗಲ್ಲ."

ಚಳಿಗಾಲ ಚೆನ್ನಾಗಿಯೇ ಕಳೆಯಿತು. ಚೆನ್ನಿ ಅಂಗಡಿಗೆ ಹೋಗಿ ಗಿರಾಕಿಗಳನ್ನು ಕುರಿಗಳಂತೆ ಒಂದು ಮೂಲೆಗೆ ಕೂಡಿಸಿತು. ಬೆದರಿದವರು ಏನಾದರೊಂದು ಕೊಂಡೇ ಹೋದರು. ಡಾಕ್ಟರಮ್ಮ ಚೆನ್ನಿಗೆಂದು ಹೇಳಿದ್ದ ಮೀನೆಣ್ಣೆಯ ಗುಳಿಗೆಯನ್ನು ಆ ಶಿವಭಕ್ತರ ಮನೆಯಲ್ಲಿ ಎಲ್ಲರೂ 'ತಾಕತ್ತಿನ ಗುಳಿಗಿ' ಎಂದು ಕರೆದು ಸಮಾಧಾನವಾಗಿದ್ದರು. ಗೊಲ್ಲಾಳಮ್ಮ ಮಠ ಸೇರಲಿಲ್ಲ.

"ಯಾವಾಗ ಹೊಂಟ್ರಿ ಅತ್ತಿ?" ಎಂದು ಗುರುದೇವಿ ಕೆಣಕಿದರೆ, "ನಾ ಹೋದ್ರ ಇದಕ್ಕ ರೊಟ್ಟಿ ಯಾರು ನೆನಸ್ತಾರ? ನೀ ಹಾಕೂದು ಬಿರುಸು" ಎನ್ನುತ್ತಿದ್ದಳು.

ಬೇಸಿಗೆ ಬಂತು. ಗೊಲ್ಲಾಳಮ್ಮ ಕೂದಲು ಆರಿಸುತ್ತಿದ್ದ ಆ ದಿನ ಶಾವಿಗೆಯ ಮೇಲೆ ಹದ್ದೊಂದು ಸುತ್ತು ಹಾಕತೊಡಗಿತು. ಚೆನ್ನಿ ಕಾದ ಮಾಳಿಗೆಯ ಮೇಲೆ ಅದರ ನೆರಳಿನ ಬೆನ್ನು ಹತ್ತಿ ಓಡಿತು. ಗೊಲ್ಲಾಳಮ್ಮ ಕರೆದಳು, ಬೈದಳು, ಚಪ್ಪಲಿ ತೋರಿಸಿದಳು. ಕಾವಲು ಬಿಡಲಿಲ್ಲ. ಹದ್ದು ಹೋಯಿತು. ಚೆನ್ನಿ ಕಾಲು ಮಡಚಿ ಬಿತ್ತು.

ಗೊಲ್ಲಾಳಮ್ಮ ಶಾವಿಗೆಯನ್ನೆಲ್ಲ ನೆಲಕ್ಕೆ ಕೊಡವಿ, ಅದೇ ಧೋತರದಲ್ಲಿ ನಾಯಿಯನ್ನು ಹಾಕಿ, ಗುರುದೇವಿಯನ್ನು ಕೂಗಿ ಕರೆದಳು. ಅತ್ತೆ ಸೊಸೆ ಎರಡು ತುದಿ ಹಿಡಿದು ಕೆಳಗಿಳಿಸಿ ನೀರು ಸುರಿದರು. ಮೇಲೆ ಕಾಗೆಗಳಿಗೆ ಹಬ್ಬವಾಯಿತು.

ದನದ ದವಾಖಾನೆಯ ಡಾಕ್ಟರ್ ಯೂನುಸ ಬಂದು ಸಲೈನ್ ಹಚ್ಚಿದರು. "ಈ ಸಲ ಉಳೀತ್ರಿ. ಖರೇ ಬಿಸಿಲು ಇನ್ನಾ ಮುಂದದ."

"ಕೂದ್ಲಾ ಬೋಳಿಸಿಬಿಟ್ರ?" ಎಂದ ನಾಗಣ್ಣ.

"ಚರ್ಮಾ ಸುಡ್ತದ್ರಿ ಸಾವ್ಕಾರ. ಆ ತುಪ್ಪಳನ ಅದಕ್ಕ ಛತ್ರಿ."

"ಎ.ಸಿ. ಹಾಕಸ್ತೀನಿ."

"ಕರೆಂಟ್ ಯಾರು ಹಾಕಸ್ತಾರ?" ಎಂದಳು ಗುರುದೇವಿ.

ಯೂನುಸ ಚೀಲ ಮುಚ್ಚಿದರು. "ಇದರ ದವಾ ನನ್ನ ಕಡಿ ಇಲ್ಲ, ಥಂಡಿ ಊರಾಗದ."

ಡಾಕ್ಟರ್ ಹೋದ ಮೇಲೆ ನಾಗಣ್ಣ, "ತಂದದ್ದು ವಾಪಸ್ ಕಳಿಸಿದ್ರ ಆ ಶರಣಕುಮಾರ ಏನಂದಾನು, ಯವ್ವಾ?" ಎಂದ.

"ಹೆಣಾ ಹೊತ್ರ ಏನಂದಾನು?" ಎಂದಳು ಗೊಲ್ಲಾಳಮ್ಮ. ಮಗನ ಮುಖ ನೋಡಿ ದನಿ ಇಳಿಸಿದಳು. "ತವರಿಗಿ ಹೋಗ್ಯಾಳ ಅನ್ನು. ಅದರಾಗ ನಾಚ್ಕಿ ಏನದ?"

"ಮತ್ತ ಬರ್ತಾಳೇನು?"

ಗೊಲ್ಲಾಳಮ್ಮ ಸೊಸೆಗೆ ಕಾಗದ ತೆಗೆ ಎಂದಳು. ತಾನು ಹೇಳಿದಳು, ಗುರುದೇವಿ ಬರೆದಳು.

"ಬೀಗತಿ ಅಂಜನಾ ಡಾಕ್ಟರಮ್ಮನವರಿಗೆ ಶರಣು. ನಮ್ಮ ಕಡೆ ಬಿಸಿಲು ಹಿತ ಇಲ್ಲ, ಸುಳ್ಳು ಹೇಳಿದ್ದೆವು. ಜಲ್ದಿ ಬಂದು ಹುಡುಗಿಯನ್ನು ಕರೆದುಕೊಂಡು ಹೋಗಿರಿ. ರೊಟ್ಟಿ ಮಜ್ಜಿಗೆಯಲ್ಲಿ ನೆನಸಿದರೆ ಉಣ್ಣುತ್ತಾಳೆ. ಮೇಲೆ ನೋಡಿ ಬೊಗಳಿದರೆ ಬೈಯಬೇಡಿರಿ, ಏನೋ ಕಂಡಿರುತ್ತದೆ."

ತವರಿನ ಸುದ್ದಿ ಓಣಿಯಲ್ಲಿ ಹಬ್ಬಿತು. ಪಕ್ಕದ ಮನೆಯ ಬಾಲಮ್ಮ ಗೋಡೆಯ ಮೇಲಿಂದ, "ಉಡಿ ತುಂಬಾಕ ನಾ ಬರ್ಲೇನ್ರಿ? ಕುಬಸಾ ಯಾವ ಅಳತಿದು ತರ್ಲಿ?" ಎಂದು ನಕ್ಕಳು. ಗೊಲ್ಲಾಳಮ್ಮ, "ನಿನ್ನ ಅಳತಿದ ತಾ, ತುಪ್ಪಳ ಅದ, ಸರಿ ಹೋಗ್ತದ" ಎಂದಳು.

ಕಾಗದವನ್ನು ಅಂಚೆಗೆ ಹಾಕುವ ಜವಾಬ್ದಾರಿ ನಾಗಣ್ಣನದು. ದಿನಾ ಸಂಜೆ ತಾಯಿ ಕೇಳುವಳು, ದಿನಾ ಅವನು ನಾಳೆ ಎನ್ನುವನು. ಒಂದು ದಿನ ಲಕೋಟೆ ತರಲು ಮರೆತ, ಒಂದು ದಿನ ಅಂಚೆ ಕಚೇರಿ ಮುಚ್ಚಿತ್ತು, ಒಂದು ದಿನ ಗಿರಾಕಿಗಳು ಬಿಡಲಿಲ್ಲ. ಮಗನಿಗೆ ಊರಿನ ಮಾತಿನ ಭಯ ಇನ್ನೂ ಹೋಗಿಲ್ಲವೆಂದು ಗೊಲ್ಲಾಳಮ್ಮ ಮನಸ್ಸಿನಲ್ಲೇ ಬೈದುಕೊಂಡಳು. ಬಿಸಿಲು ಏರುತ್ತಲೇ ಇತ್ತು. ಚೆನ್ನಿ ಈಗ ಹಗಲು ಏಳುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ಬಚ್ಚಲ ಕಡೆ ಹೋದ ಗೊಲ್ಲಾಳಮ್ಮ ನಿಂತುಬಿಟ್ಟಳು. ಅಂಗಡಿಯಲ್ಲಿರಬೇಕಾದ ಮಗ ಬನಿಯನ್ನಿನಲ್ಲಿ ನೆಲದ ಮೇಲೆ ಕೂತಿದ್ದ. ಒದ್ದೆ ಗೋಣಿಯ ಮೇಲೆ ಮಲಗಿದ ಚೆನ್ನಿಗೆ ಮೋಟರಿನ ಡಬ್ಬಿಯ ರಟ್ಟಿನಿಂದ ಗಾಳಿ ಹಾಕುತ್ತಿದ್ದ.

"ಇವತ್ತ ತಂಪದ ಹೌದಿಲ್ಲೊ? ನಿನ್ನೀಗಿಂತ ತಂಪದ" ಎನ್ನುತ್ತಿದ್ದ. ಚೆನ್ನಿ ಕಣ್ಣು ತೆರೆಯಲಿಲ್ಲ.

ಗೊಲ್ಲಾಳಮ್ಮ ಸದ್ದು ಮಾಡದೆ ಹಿಂದೆ ಸರಿದಳು. ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಕಿಸೆಯಲ್ಲಿ ಲಕೋಟೆ ಇತ್ತು. ವಿಳಾಸ ಬರೆದು, ಅಂಚೆಚೀಟಿ ಹಚ್ಚಿ ಎಂದೋ ಸಿದ್ಧವಾಗಿತ್ತು, ಬೆವರಿಗೆ ಅಂಚು ಮೆತ್ತಗಾಗಿತ್ತು. ಅದನ್ನು ತೆಗೆದುಕೊಂಡು, ಸೆರಗು ತಲೆಗೆ ಹೊದ್ದು, ಗುರುದೇವಿಯ ಜೊತೆ ಆ ಉರಿಯಲ್ಲೇ ಅಂಚೆ ಕಚೇರಿಗೆ ನಡೆದಳು.

ಕೆಂಪು ಡಬ್ಬಿಯ ತಗಡು ಮುಟ್ಟಿದರೆ ಸುಡುತ್ತಿತ್ತು. ಗೊಲ್ಲಾಳಮ್ಮ ಲಕೋಟೆಯನ್ನು ಅದರ ಬಾಯಿಯೊಳಗೆ ಮುಕ್ಕಾಲು ತೂರಿಸಿ ಹಾಗೆಯೇ ಹಿಡಿದು ನಿಂತಳು.

"ಕೈ ಸುಡ್ತದ ಅತ್ತಿ, ಬಿಡ್ರಿ" ಎಂದಳು ಗುರುದೇವಿ.

"ಬಿಡ್ತೀನಿ ತಡಿ."

ಇನ್ನೂ ಒಂದು ಗಳಿಗೆ ನಿಂತಳು. ಆಮೇಲೆ ಬಿಟ್ಟಳು.