ಅಕ್ಕರೆಯಿಂದ ಕಟ್ಟಿಹಾಕಿದ ಕೈ

ಗೂಳೂರಿನಿಂದ ಶಿರಾ ಗೇಟ್‌ವರೆಗೆ ಯಾರನ್ನಾದರೂ ಕೇಳಿ, ಹೆಂಡತಿಯನ್ನು ಷಡಕ್ಷರಿಯಷ್ಟು ಚೆನ್ನಾಗಿ ನೋಡಿಕೊಂಡ ಗಂಡ ಈ ಜಿಲ್ಲೆಯಲ್ಲೇ ಹುಟ್ಟಿಲ್ಲ. ಆ ಷಡಕ್ಷರಿ ನಾನೇ.

ನನ್ನ ಹೆಂಡತಿ ಶಿವರುದ್ರಮ್ಮನಿಗೆ ಬಲಗಡೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಮನೆಗೆ ಬಂದ ದಿನವೇ ಅವಳ ಬಲಗೈಯನ್ನು ನನ್ನ ಮದುವೆಯ ಶಲ್ಯದಿಂದ ಎದೆಗೆ ಕಟ್ಟಿಬಿಟ್ಟೆ. ಮುದ್ದೆ ಮುರಿದು ತಿನ್ನಿಸಿದೆ, ಜಡೆ ಹಾಕಿದೆ, ಹಣೆಗೆ ವಿಭೂತಿಯನ್ನೂ ನಾನೇ ಹಚ್ಚಿದೆ. ಆಸ್ಪತ್ರೆಯವರು ಕೊಟ್ಟ ವ್ಯಾಯಾಮದ ಹಾಳೆಯನ್ನು ಮಡಚಿ ಅಲ್ಲಾಡುವ ಮೇಜಿನ ಕಾಲಡಿಗೆ ಇಟ್ಟೆ.

"ಭುಜ ಮರಗಟ್ಟಿದಂಗೈತೆ ಕಣ್ರೀ, ಒಸಿ ಆಡುಸ್ಲಾ?"

"ಹೊಲಿಗೆ ಬಿಚ್ಕೊಂಡ್ರೆ? ಸುಮ್ನೆ ಕೂತ್ಕೊಳೇ, ನಾನಿದೀನಲ್ಲ!"

ಆರು ವಾರ ಕಳೆದ ಮೇಲೆ ರೇಡಿಯೇಷನ್‌ಗೆ ಕರೆದರು. ಮೇಜಿನ ಮೇಲೆ ಮಲಗಿಸಿ, "ಬಲಗೈ ತಲೆ ಮೇಲಕ್ಕೆ ಎತ್ತಿ ಇಟ್ಕೊಳಿ" ಎಂದರು. ಕೈ ಭುಜದವರೆಗೂ ಬರಲಿಲ್ಲ. ಶಿವರುದ್ರಮ್ಮ ಕಿರುಚಿದ್ದು ಗುಬ್ಬಿಗೂ ಕುಣಿಗಲ್‌ಗೂ ಕೇಳಿಸಿರಬೇಕು.

"ಹಿಂಗಿದ್ರೆ ಕಿರಣಕ್ಕೆ ಕೈ ಅಡ್ಡ ಬರುತ್ತೆ. ಇವತ್ತು ಶುರು ಮಾಡಕ್ಕಾಗಲ್ಲ" ಎಂದರು ಮೆಷಿನ್ ನಡೆಸುವವರು.

ಅವಳ ಚಿಕಿತ್ಸೆಗೆ ಅಡ್ಡ ನಿಂತವನು ನಾನು!

"ತಡ ಆದ್ರೆ ಕಾಯಿಲೆ ಮತ್ತೆ ಬತ್ತದಾ?" ಎಂದಳು ಅವಳು, ಮೆಲ್ಲಗೆ. ಅದೇ ಪ್ರಶ್ನೆ ಹೊತ್ತು ಆಸ್ಪತ್ರೆಯ ವ್ಯಾಯಾಮದ ಕೋಣೆಗೆ ಹೋದೆವು.

"ಜಾಸ್ತಿ ತಡ ಮಾಡಂಗಿಲ್ಲ" ಎಂದರು ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಸುಮನಾ. "ಡಾಕ್ಟ್ರು ಮೂರು ವಾರ ಕೊಟ್ಟಿದಾರೆ. ಅಷ್ಟ್ರಲ್ಲಿ ಕೈ ಎತ್ತಿಸ್ಬೇಕು. ಅಣ್ಣಾ, ಹೊಲಿಗೆ ಕಾಯಕ್ಕೋಗಿ ಭುಜಕ್ಕೆ ಬೀಗ ಹಾಕಿದೀರಿ."

"ಎಣ್ಣೆ ಹಾಕಿ ಜೋರಾಗಿ ಎಳೀಲಾ? ಒಂದೇ ದಿನಕ್ಕೆ ಎತ್ತಿಸ್ತೀನಿ!"

"ನೀವು ಮುಟ್ಟಂಗೇ ಇಲ್ಲ!"

ಆರು ವಾರದಲ್ಲಿ ಶಿವರುದ್ರಮ್ಮ ನಕ್ಕಿದ್ದು ಅದೇ ಮೊದಲು.

ಸುಮನಾ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. "ಬೆರಳನ್ನ ಇರುವೆ ಥರ ಮೇಲಕ್ಕೆ ನಡೆಸಿ. ಬಿಗಿ ಅನ್ಸಿದ ಕಡೆ ನಿಲ್ಲಿ, ಉಸಿರೆಳ್ಕೊಳಿ, ನಿಧಾನಕ್ಕೆ ಇಳಿಸಿ. ಒಂದು ಸಲಕ್ಕೆ ಐದು, ದಿನಕ್ಕೆ ಮೂರು ಸಲ. ಎಳೆದಂಗಾದ್ರೆ ಪರವಾಗಿಲ್ಲ, ತುಂಬಾ ನೋವಾದ್ರೆ ನಿಲ್ಸಿ. ಕೈ ಊದಿದ್ರೆ, ಕೆಂಪಾದ್ರೆ, ಜ್ವರ ಬಂದ್ರೆ ತಕ್ಷಣ ಬನ್ನಿ."

ಮನೆಯ ಗೋಡೆಯಲ್ಲಿ ಮೊದಲ ದಿನ ಬೆರಳು ಸ್ವಿಚ್ ಬೋರ್ಡನ್ನೂ ಮುಟ್ಟಲಿಲ್ಲ. ನಾನು ಪೆನ್ಸಿಲ್‌ನಿಂದ ಗೆರೆ ಎಳೆದೆ. ಮರುದಿನ ಒಂದು ಬೆರಳಗಲ ಮೇಲೆ ಇನ್ನೊಂದು. ಎರಡನೇ ವಾರ ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು. "ಬುಡಿ, ನಿಮ್ಮ ಜಡೆ ನೋಡಿ ಎಮ್ಮೆನೂ ಬೆದ್ರುತ್ತೆ!"

ಇಪ್ಪತ್ತನೇ ದಿನ ಮತ್ತೆ ಅದೇ ಮೇಜು. ಕೈ ನಿಧಾನಕ್ಕೆ ಎದ್ದಿತು, ಕಿವಿ ದಾಟಿತು, ತಲೆಯ ಮೇಲೆ ನಿಂತಿತು. ನನ್ನನ್ನು ಹೊರಗೆ ಕಳಿಸಿದರು. ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹೊತ್ತಿತು. ಚಿಕಿತ್ಸೆ ಶುರುವಾಗಿತ್ತು. ಕಣ್ಣೀರೂ ಬಂತು. ಒಂದು ಕೆರೆ ತುಂಬುವಷ್ಟು, ಕಡಿಮೆಯೇನಲ್ಲ.

ಅಕ್ಕ, ಅಣ್ಣ, ನಾನು ಹೇಳುವುದರಲ್ಲಿ ಅರ್ಧ ಕಳೆದುಬಿಡಿ, ಇದನ್ನು ಮಾತ್ರ ಕಳೆಯಬೇಡಿ. ಆಪರೇಷನ್ ಆದವರನ್ನು ಗೊಂಬೆಯಂತೆ ಕೂರಿಸಬೇಡಿ. ಮನೆಗೆ ಹೊರಡುವ ಮೊದಲೇ ಡಾಕ್ಟರನ್ನು ಕೇಳಿ: ಯಾವ ವ್ಯಾಯಾಮ, ಯಾವತ್ತಿನಿಂದ, ಎಷ್ಟು? ಅವರು ಹೇಳಿದಷ್ಟನ್ನು ದಿನವೂ ಮಾಡಿಸಿ. ನಿಮ್ಮವರು ತಮ್ಮ ಕೈ ತಾವೇ ಎತ್ತಲಿ. ನೀವು ಪಕ್ಕದಲ್ಲಿ ನಿಂತರೆ ಸಾಕು.